ಎಟಿಎಂ ಕಾರ್ಡಿನ ಹಿಂದೆ ಎಷ್ಟು ರೊಕ್ಕ ಇಡಬೇಕು: ಬ್ಯಾಂಕ್ ಕೌಂಟರಿನಲ್ಲಿ ಕೂತವರ ಮಾತು

ವಿಜಯಪುರ, ಬಾಗಲಕೋಟೆ ಕಡೆಯ ಯಾವ ಬ್ಯಾಂಕ್ ಶಾಖೆಯಲ್ಲಿ ಕೂತರೂ ಕಬ್ಬಿನ ಬಿಲ್ಲು ಜಮಾ ಆಗುವ ವಾರ ತಾನಾಗಿ ಗೊತ್ತಾಗುತ್ತದೆ. ಎಟಿಎಂ ಮುಂದೆ ಸಾಲು ಬೆಳೆಯುತ್ತದೆ, ಪಾಸ್‌ಬುಕ್ ಪ್ರಿಂಟರಿಗೆ ಬಿಡುವಿರುವುದಿಲ್ಲ. ಅದರ ಬೆನ್ನಿಗೇ "ನಾ ತಗದಿಲ್ರಿ, ಖಾತೆದಾಗಿನ ರೊಕ್ಕ ಹೋಗೇತಿ" ಎನ್ನುವ ದೂರುಗಳೂ ಬರತೊಡಗುತ್ತವೆ. ಇಂಥ ದೂರುಗಳನ್ನು ಬರೆದುಕೊಳ್ಳುತ್ತಾ ಹೋದರೆ ಒಂದು ಮಾತು ಖಚಿತವಾಗುತ್ತದೆ. ನಷ್ಟ ಐದು ಸಾವಿರವೋ ಎರಡು ಲಕ್ಷವೋ ಎಂಬುದು ಕಳ್ಳನ ಜಾಣತನಕ್ಕಿಂತ ಹೆಚ್ಚಾಗಿ ಖಾತೆಯನ್ನು ಮೊದಲೇ ಹೇಗೆ ಇಟ್ಟಿದ್ದರು ಎಂಬುದರ ಮೇಲೆ ನಿಂತಿರುತ್ತದೆ.

ಆದ್ದರಿಂದ ಮೊದಲ ಕೆಲಸ ಖಾತೆ ಬೇರೆ ಮಾಡುವುದು. ಕಬ್ಬಿನ ಬಿಲ್ಲು, ಒಣದ್ರಾಕ್ಷಿಯ ಹಣ, ಪೆನ್ಶನ್ ಬೀಳುವ ದೊಡ್ಡ ಖಾತೆಗೆ ಕಾರ್ಡೇ ಬೇಡ. ಇದ್ದರೆ ಶಾಖೆಗೆ ಅರ್ಜಿ ಕೊಟ್ಟು ಆ ಕಾರ್ಡನ್ನು ಮುಚ್ಚಿಸಿ. ಇನ್ನೊಂದು ಉಳಿತಾಯ ಖಾತೆ ತೆರೆದು, ಅದಕ್ಕೆ ಮಾತ್ರ ಕಾರ್ಡ್ ಪಡೆದು, ತಿಂಗಳ ಖರ್ಚಿಗೆ ಬೇಕಾಗುವ ಐದರಿಂದ ಹತ್ತು ಸಾವಿರವನ್ನಷ್ಟೇ ಅಲ್ಲಿಡಿ. ಇಲ್ಲಿ ಕೆಲವು ತೊಡಕುಗಳಿವೆ. ಕೆಲವು ಬ್ಯಾಂಕುಗಳಲ್ಲಿ ಒಂದೇ ಕಾರ್ಡಿಗೆ ಎರಡು ಖಾತೆ ಜೋಡಿಸಿರುತ್ತಾರೆ, ಹಾಗಾಗಿ ದೊಡ್ಡ ಖಾತೆ ಈ ಕಾರ್ಡಿಗೆ ಜೋಡಣೆಯಾಗಿಲ್ಲವೆಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಜನಧನದಂಥ ಮೂಲ ಉಳಿತಾಯ ಖಾತೆ ಇರುವವರು ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಡುವಂತಿಲ್ಲ. ಅವರು ಬೇರೆ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಬೇಕು, ಇಲ್ಲವೇ ಹೆಚ್ಚಿನ ಹಣವನ್ನು ಠೇವಣಿ ಮಾಡಬೇಕು. ಆ ಠೇವಣಿ ಸಾದಾ ಠೇವಣಿಯೇ ಆಗಿರಲಿ. ಉಳಿತಾಯ ಖಾತೆಗೆ ಕೊಂಡಿ ಹಾಕಿದ ಸ್ವೀಪ್ ಠೇವಣಿಯಾದರೆ, ಖಾತೆಯಲ್ಲಿ ಹಣ ಸಾಲದಿದ್ದಾಗ ತಾನೇ ಮುರಿದು ಕಾರ್ಡಿಗೆ ದಾರಿ ಮಾಡಿಕೊಡುತ್ತದೆ.

ರೈತರು ಮರೆಯುವ ಕಾರ್ಡು ಇನ್ನೊಂದಿದೆ: ಕಿಸಾನ್ ಕ್ರೆಡಿಟ್ ಖಾತೆಯ ರುಪೇ ಕಾರ್ಡು. ನೋಡಲು ಅದೂ ಎಟಿಎಂ ಕಾರ್ಡೇ. ಆದರೆ ಅದರಿಂದ ಹೊರಡುವುದು ನಿಮ್ಮ ಉಳಿತಾಯವಲ್ಲ, ಬೆಳೆಸಾಲದ ಮಿತಿ. ಅದು ಕಳ್ಳನ ಕೈಗೆ ಸಿಕ್ಕರೆ ಹೋಗುವುದು ರೊಕ್ಕವಷ್ಟೇ ಅಲ್ಲ, ನಿಮ್ಮ ಹೆಸರಿನಲ್ಲಿ ಸಾಲವೂ ಏರುತ್ತದೆ, ಬಡ್ಡಿಯೂ ಓಡುತ್ತದೆ. ಬಿತ್ತನೆ, ಗೊಬ್ಬರದ ಹಂಗಾಮು ಮುಗಿದ ಕೂಡಲೇ ಆ ಕಾರ್ಡಿನ ಸೌಲಭ್ಯ ನಿಲ್ಲಿಸಿಡುವುದು ಒಳ್ಳೆಯದು.

ಇನ್ನು ಕಾರ್ಡಿನ ಸ್ವಿಚ್ಚುಗಳು. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಆದೇಶ ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆಗಿನಿಂದ ಹೊಸ ಕಾರ್ಡು ಮೊದಲಿಗೆ ಕೆಲಸ ಮಾಡುವುದು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಿ ಮಾತ್ರ. ಆನ್‌ಲೈನ್ ಖರೀದಿ, ವಿದೇಶಿ ವಹಿವಾಟು, ಟ್ಯಾಪ್ ಮಾಡಿ ಪಾವತಿಸುವುದು, ಈ ಮೂರನ್ನೂ ಗ್ರಾಹಕರೇ ಕೇಳಿ ಚಾಲೂ ಮಾಡಿಸಿಕೊಳ್ಳಬೇಕು. ಮೊಬೈಲ್ ಆ್ಯಪ್‌ನ ಕಾರ್ಡ್ ವಿಭಾಗದಲ್ಲಿ ಒಂದೊಂದಕ್ಕೂ ಬೇರೆ ಸ್ವಿಚ್, ಬೇರೆ ಮಿತಿ ಇರುತ್ತದೆ. ಸಾದಾ ಫೋನಿನವರು ಎಟಿಎಂನಲ್ಲಿ, ಬ್ಯಾಂಕಿನ ಸಹಾಯವಾಣಿಯಲ್ಲಿ ಅಥವಾ ಶಾಖೆಯಲ್ಲಿ ಇದನ್ನೇ ಮಾಡಿಸಿಕೊಳ್ಳಬಹುದು.

ನಮ್ಮ ಸಲಹೆ ಹೀಗಿದೆ. ವಿದೇಶಿ ಬಳಕೆ ಪೂರ್ತಿ ಬಂದ್. ಭಾರತದ ಅಂಗಡಿಗಳ ಆನ್‌ಲೈನ್ ಪಾವತಿಗೆ ಒಟಿಪಿ ಬೇಕು, ಆದರೆ ಹೊರದೇಶದ ಹಲವು ತಾಣಗಳು ಕಾರ್ಡಿನ ನಂಬರು, ಅವಧಿ, ಹಿಂಬದಿಯ ಮೂರಂಕಿಯ ಸಿವಿವಿ ಸಿಕ್ಕರೆ ಸಾಕು, ಒಟಿಪಿ ಕೇಳದೆಯೇ ಹಣ ಎಳೆಯುತ್ತವೆ. ಸಿವಿವಿಯನ್ನು ನೆನಪಿಟ್ಟುಕೊಂಡು ಅದರ ಮೇಲೆ ಚಿಕ್ಕ ಸ್ಟಿಕ್ಕರ್ ಅಂಟಿಸುವುದೂ ಇದೇ ಕಾರಣಕ್ಕೆ. ಆನ್‌ಲೈನ್ ಸ್ವಿಚ್ಚನ್ನು ಖರೀದಿಯ ಹೊತ್ತಿಗೆ ಹಾಕಿ, ಮುಗಿದ ಕೂಡಲೇ ತೆಗೆಯಿರಿ. ಟ್ಯಾಪ್ ಪಾವತಿಯಲ್ಲಿ ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ, ಅಗತ್ಯವಿಲ್ಲದವರು ಅದನ್ನೂ ಬಂದ್ ಮಾಡಲಿ.

ಹೆಚ್ಚಿನವರು ಬಿಟ್ಟುಬಿಡುವುದು ಮಿತಿಯ ಅಂಕಿಯನ್ನು. ಎಟಿಎಂನಿಂದ ತೆಗೆಯುವ ದಿನದ ಮಿತಿ ಬೇರೆ, ಅಂಗಡಿಯ ಸ್ವೈಪ್ ಮಿತಿ ಬೇರೆ. ಕಾರ್ಡು, ಪಿನ್ ಎರಡೂ ಸಿಕ್ಕ ಕಳ್ಳ ರಾತ್ರಿ 12ಕ್ಕೆ ಸ್ವಲ್ಪ ಮೊದಲು ಒಂದು ದಿನದ ಮಿತಿ ತೆಗೆಯುತ್ತಾನೆ. ತಾರೀಖು ಬದಲಾದ ಕೂಡಲೇ ಮರುದಿನದ ಮಿತಿ ತೆಗೆಯುತ್ತಾನೆ. ಬೆಳಗ್ಗೆ ಅಂಗಡಿಯಲ್ಲಿ ಸ್ವೈಪ್ ಮಾಡಿ ಉಳಿದದ್ದನ್ನು ಮುಗಿಸುತ್ತಾನೆ. ಪಾಸ್‌ಬುಕ್ಕಿನಲ್ಲಿ 23:50, 00:05 ಎಂದು ಅಕ್ಕಪಕ್ಕದ ವೇಳೆ ಕಂಡರೆ ಅದರ ಕಾರಣ ಇದೇ. ಎಟಿಎಂ ಮಿತಿ 5,000ಕ್ಕೆ ಇಳಿಸಿ, ಸ್ವೈಪ್ ಬಳಸದವರು ಅದನ್ನು ಸೊನ್ನೆ ಮಾಡಿದರೆ ಅದೇ ಕಳ್ಳನಿಗೆ ಇಡೀ ರಾತ್ರಿಯಲ್ಲಿ ಹತ್ತು ಸಾವಿರದ ಮೇಲೆ ಸಿಗುವುದಿಲ್ಲ. ಅವಧಿ ಮುಗಿದು ಹೊಸ ಕಾರ್ಡು ಬಂದಾಗ ಮಿತಿಗಳು ಬ್ಯಾಂಕಿನ ಮೂಲ ಅಂಕಿಗೆ ಮರಳಿರಬಹುದು, ಮತ್ತೊಮ್ಮೆ ನೋಡಿಕೊಳ್ಳಿ.

ಕಾರ್ಡು, ಪಿನ್ ಎರಡೂ ಕಳ್ಳನ ಕೈಗೆ ಹೋಗುವುದು ಹೇಗೆ? ನಮ್ಮ ಕಡೆ ಬಹುತೇಕ ಅದಲುಬದಲಿನಿಂದ. ವಯಸ್ಸಾದವರೊಬ್ಬರು ಕಾರ್ಡನ್ನು ತಿರುವುಮುರುವಾಗಿ ಹಾಕುತ್ತಾರೆ, ಯಂತ್ರ ಒಪ್ಪುವುದಿಲ್ಲ. ಹಿಂದೆ ನಿಂತವನು "ಕಾಕಾ, ಇಲ್ಲಿ ಕೊಡ್ರಿ, ನಾ ಹಾಕಿ ಕೊಡ್ತೀನಿ" ಎಂದು ಕಾರ್ಡು ತೆಗೆದುಕೊಳ್ಳುತ್ತಾನೆ. ಪಿನ್ ಒತ್ತುವಾಗ ಬೆರಳು ನೋಡುತ್ತಾನೆ, ಎಷ್ಟೋ ಸಲ ಕಾಕಾ ತಾವೇ ಬಾಯಿಬಿಟ್ಟು ಹೇಳುತ್ತಾರೆ. ಹಣವೂ ಸರಿಯಾಗಿಯೇ ಬರುತ್ತದೆ. ಎಲ್ಲರ ಕಣ್ಣು ನೋಟಿನ ಮೇಲಿರುವಾಗ ಅವನು ಮರಳಿಸುವುದು ಅದೇ ಬ್ಯಾಂಕಿನ, ಅದೇ ಬಣ್ಣದ, ಬೇರೆ ಯಾರದೋ ಹಳೆಯ ಕಾರ್ಡು. ಕಾಕಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಜೇಬಿಗೆ ಇಳಿಸುತ್ತಾರೆ. ಗೊತ್ತಾಗುವುದು ಮುಂದಿನ ಸಲ ರೊಕ್ಕ ತೆಗೆಯಲು ಬಂದಾಗ, ಯಂತ್ರ ಪಿನ್ ತಪ್ಪು ಎಂದಾಗ. ಗೃಹಲಕ್ಷ್ಮಿ ಹಣ ತೆಗೆಯಲು ಬರುವ ಹೆಣ್ಣುಮಕ್ಕಳಿಗೂ ಇದೇ ಆಗುತ್ತದೆ.

ಜನಧನ ಕಾರ್ಡುಗಳಲ್ಲೂ ಶಾಖೆಯಲ್ಲೇ ಕೈಗೆ ಕೊಡುವ ಕಾರ್ಡುಗಳಲ್ಲೂ ಬಹಳ ಸಲ ಹೆಸರು ಮುದ್ರಿಸಿರುವುದಿಲ್ಲ, ಅದಕ್ಕೇ ಅದಲುಬದಲು ಇಷ್ಟು ಸಲೀಸು. ಅಳಿಸದ ಮಾರ್ಕರ್ ಪೆನ್ನಿನಿಂದ ಕಾರ್ಡಿನ ಮುಂಬದಿಯಲ್ಲಿ ದೊಡ್ಡದಾಗಿ ಒಂದು ಗುರುತು ಹಾಕಿ. ಮನೆಯವರ ಹೆಸರಿನ ಮೊದಲ ಅಕ್ಷರವಾದರೂ ಸರಿ, ಪಿನ್ ಮಾತ್ರ ಬೇಡ. ಓದು ಬಾರದವರೂ ಆ ಗುರುತು ಹಿಡಿಯಬಲ್ಲರು. ಬೇರೆಯವರು ಕಾರ್ಡು ಮುಟ್ಟಿದ್ದರೆ ಎಟಿಎಂ ಕೋಣೆಯಿಂದ ಹೊರಗೆ ಹೆಜ್ಜೆ ಇಡುವ ಮೊದಲು ಗುರುತು ನೋಡಲಿ. ಸಹಾಯ ಬೇಕೇಬೇಕು ಎಂದರೆ ಬ್ಯಾಂಕಿನ ವೇಳೆಯಲ್ಲಿ, ಶಾಖೆಗೆ ಅಂಟಿದ ಎಟಿಎಂಗೆ ಬಂದು ಒಳಗಿನ ಸಿಬ್ಬಂದಿಯನ್ನು ಕರೆಯಲಿ. ಸ್ಟೇಟ್ ಬ್ಯಾಂಕ್ ತನ್ನ ಎಟಿಎಂಗಳಲ್ಲಿ 10,000 ಮತ್ತು ಮೇಲಿನ ಮೊತ್ತಕ್ಕೆ ಪಿನ್ ಜೊತೆ ಒಟಿಪಿ ಕೇಳುತ್ತದೆ. ಒಳ್ಳೆಯ ವ್ಯವಸ್ಥೆ, ಆದರೆ 9,500ರಂತೆ ತೆಗೆಯುವವನನ್ನು ಅದು ತಡೆಯುವುದಿಲ್ಲ.

ಕಾರ್ಡು ನಕಲು ಮಾಡುವ ಸ್ಕಿಮ್ಮಿಂಗ್ ಬಗ್ಗೆ ಜನ ಹೆದರುವಷ್ಟು ಹೆದರಬೇಕಿಲ್ಲ. 2018ರ ಕೊನೆಯ ಹೊತ್ತಿಗೆ ಹಿಂಬದಿಯಲ್ಲಿ ಬರೀ ಕಪ್ಪು ಬಣ್ಣದ ಕಾಂತಪಟ್ಟಿ ಇದ್ದ ಕಾರ್ಡುಗಳ ಜಾಗಕ್ಕೆ ಚಿಪ್ ಕಾರ್ಡು ಬರಬೇಕೆಂದು ನಿಯಮವಾಯಿತು, ಚಿಪ್ಪನ್ನು ನಕಲು ಮಾಡುವುದು ಬಹಳ ಕಷ್ಟ. ಹಿಂದಿನ ಪಟ್ಟಿ ಇನ್ನೂ ಇರುವುದರಿಂದ ಕಾರ್ಡು ತೂರಿಸುವ ಬಾಯನ್ನು ಒಮ್ಮೆ ಅಲುಗಾಡಿಸಿ ನೋಡಿ, ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯಿರಿ. ಕಾರ್ಡು ಒಳಗೇ ಸಿಕ್ಕಿಕೊಂಡರೆ ಗೋಡೆಗೆ ಅಂಟಿಸಿದ ಚೀಟಿಯ ನಂಬರಿಗೆ ಕರೆ ಮಾಡಬೇಡಿ. ಕಾರ್ಡನ್ನು ಬೇಕೆಂದೇ ಸಿಕ್ಕಿಸಿದವರೇ ಆ ಚೀಟಿಯನ್ನೂ ಅಂಟಿಸಿರುತ್ತಾರೆ. ಬ್ಯಾಂಕಿನ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಹಣ ಬರದೆ ಖಾತೆಯಲ್ಲಿ ಕಡಿತವಾದರೆ ಅದು ಬೇರೆ ವಿಷಯ. ಐದು ದಿನದೊಳಗೆ ಮರುಜಮಾ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಬ್ಯಾಂಕ್ ಕೊಡಬೇಕು.

ಫೋನಿನ ಕಡೆಯಿಂದ ಬರುವ ಮೋಸದಲ್ಲಿ ಕಾರ್ಡು ಹೇಗೆ ಸೇರಿಕೊಳ್ಳುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿಯ ತಿಂಗಳು-ವರ್ಷ, ಮತ್ತು ಒಟಿಪಿ ಇದ್ದರೆ ಯುಪಿಐ ಪಿನ್ ಹೊಸದಾಗಿ ಹಾಕಬಹುದು. ಅಂದರೆ ಕಾರ್ಡಿನ ಮುಂಬದಿಯ ಫೋಟೊ ಒಂದೇ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಉಳಿದರ್ಧಕ್ಕೆ ಮೋಸಗಾರರು ಕಳಿಸುವುದು ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲು: ಹೆಸ್ಕಾಂ ಕರೆಂಟ್ ಬಿಲ್ ಬಾಕಿ, ಮದುವೆಯ ಆಮಂತ್ರಣ, ಗಾಡಿಯ ದಂಡ, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನಲ್ಲಿ. ಅದನ್ನು ಹಾಕಿಕೊಂಡು ಎಸ್‌ಎಂಎಸ್ ಅನುಮತಿ ಕೊಟ್ಟರೆ ನೀವು ಯಾರಿಗೂ ಒಟಿಪಿ ಹೇಳದಿದ್ದರೂ ಅದು ಅವರಿಗೆ ತಲುಪುತ್ತಿರುತ್ತದೆ. ಹೀಗಾಗಿ "ನಾ ಯಾರಿಗೂ ಹೇಳಿಲ್ರಿ" ಎನ್ನುವ ಗ್ರಾಹಕರ ಮಾತನ್ನು ಕೌಂಟರಿನವರು ಸುಳ್ಳೆಂದು ತಳ್ಳಿಹಾಕಬಾರದು. ಕೊರಿಯರ್ ಹೆಸರು ಹೇಳಿ ನಕ್ಷತ್ರ 401 ನಕ್ಷತ್ರ ಒತ್ತಿ ಮುಂದೆ ಒಂದು ನಂಬರು ಹಾಕಿಸಿದರೆ ನಿಮ್ಮ ಕರೆಗಳೆಲ್ಲ ಅವರಿಗೆ ತಿರುಗುತ್ತವೆ. ಎರಡು ಹ್ಯಾಶ್, 002, ಒಂದು ಹ್ಯಾಶ್ ಒತ್ತಿ ಕರೆ ಮಾಡಿದರೆ ಅದು ರದ್ದಾಗುತ್ತದೆ.

ಬ್ಯಾಂಕುಗಳ ವಿಲೀನವೂ ಮೋಸಗಾರರಿಗೆ ಒಳ್ಳೆಯ ನೆಪ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ವಿಲೀನವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದೇ ಉಳಿಯಿತು. ಹೆಸರು ಬದಲಾದಾಗ "ಹಳೇ ಕಾರ್ಡ್ ಬಂದ್ ಆಗತೇತಿ, ನಂಬರ್ ಹೇಳ್ರಿ" ಎಂಬ ಕರೆ ನಿಜವೆಂದೇ ತೋರುತ್ತದೆ. ಯಾವ ಬ್ಯಾಂಕೂ ಇದನ್ನು ಫೋನಿನಲ್ಲಿ ಕೇಳುವುದಿಲ್ಲ. ಬ್ಯಾಂಕುಗಳ ಅಧಿಕೃತ ಜಾಲತಾಣದ ಕೊನೆಯಲ್ಲಿ ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಇರಬೇಕು, 2025ರ ಅಕ್ಟೋಬರ್ ಕೊನೆಗೆ ಅದಕ್ಕೆ ಗಡುವಿತ್ತು. ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳ ಕಾಲದ ಖಾತೆಗೆ ಹಳೆಯ ಮೊಬೈಲ್ ನಂಬರೇ ಉಳಿದಿದ್ದರೆ ಕೂಡಲೇ ಬದಲಿಸಿ. ಬಳಸದ ನಂಬರು ಕೆಲ ಕಾಲದ ನಂತರ ಬೇರೆಯವರಿಗೆ ಹೋಗುತ್ತದೆ, ಒಟಿಪಿಯೂ ಅವರಿಗೇ ಹೋಗುತ್ತದೆ.

ಹಣ ಹೋಗಿದೆ ಎಂದು ಗೊತ್ತಾದರೆ ಮೊದಲು ಕಾರ್ಡು ಬ್ಲಾಕ್ ಮಾಡಿಸಿ. ಅಲ್ಲಿಗೆ ನಿಲ್ಲಬೇಡಿ. ಕಾರ್ಡು ಬ್ಲಾಕ್ ಆದರೂ ಯುಪಿಐ, ನೆಟ್ ಬ್ಯಾಂಕಿಂಗ್, ಆಧಾರ್ ಬೆರಳಚ್ಚಿನ ವಹಿವಾಟು ನಡೆಯುತ್ತಲೇ ಇರುತ್ತವೆ. ದೊಡ್ಡ ಅನಾಹುತವಾಗುವುದು ಇಲ್ಲೇ: ಕಾರ್ಡು ಬ್ಲಾಕ್ ಮಾಡಿಸಿ ನಿಶ್ಚಿಂತೆಯಿಂದ ಮಲಗಿದ ರಾತ್ರಿ ಉಳಿದ ಹಣ ಯುಪಿಐನಲ್ಲಿ ಹೋಗಿರುತ್ತದೆ. "ಖಾತೆಯಿಂದ ಹಣ ಹೋಗುವುದನ್ನೇ ನಿಲ್ಲಿಸಿ, ಡೆಬಿಟ್ ಫ್ರೀಜ್ ಮಾಡಿ" ಎಂದು ಸ್ಪಷ್ಟವಾಗಿ ಹೇಳಿ. ಸಾಲದ ಕಂತು ಅದೇ ಖಾತೆಯಿಂದ ಹೋಗುತ್ತಿದ್ದರೆ ಅದೂ ನಿಲ್ಲುತ್ತದೆ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ಹಿಡಿದು ನಿಲ್ಲಿಸುವ ಅವಕಾಶ ಇರುವುದು ಅಲ್ಲೇ. ಅವರು ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಂಡು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ.

ಶಾಖೆಗೆ ಕೊಡುವ ದೂರು ಬರವಣಿಗೆಯಲ್ಲೇ ಇರಬೇಕು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ಹೊರಗಿನವರದು ಎಂದಾದಾಗ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗಾದರೆ ಮೂಲ ಉಳಿತಾಯ ಖಾತೆಗೆ ಗರಿಷ್ಠ 5,000, ಇತರ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ ನಿಮ್ಮ ಮೇಲೆ ಬರುತ್ತದೆ. ಅದರಾಚೆಗೆ ಆಯಾ ಬ್ಯಾಂಕಿನ ನೀತಿಯಂತೆ. ಮೆಸೇಜು ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನೂ ಬಿಡಬೇಕು. ಪಿನ್ ಅಥವಾ ಒಟಿಪಿ ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ನಾಚಿಕೆಯಿಂದ ಎರಡು ದಿನ ಮನೆಯಲ್ಲಿ ಕೂರುವವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲಿದೆ.

ಅರ್ಜಿಯಲ್ಲಿ ಪ್ರತಿ ವಹಿವಾಟಿನ ತಾರೀಖು, ವೇಳೆ, ಮೊತ್ತ, ಪಾಸ್‌ಬುಕ್ಕಿನಲ್ಲಿರುವ ಉಲ್ಲೇಖ ಸಂಖ್ಯೆ, ಎಟಿಎಂ ಇದ್ದ ಜಾಗ ಬರೆಯಿರಿ. ಕ್ಯಾಮೆರಾ ದೃಶ್ಯ ಕಾದಿರಿಸಬೇಕೆಂದು ಅದೇ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ, ದೃಶ್ಯ ಬಹುಕಾಲ ಉಳಿಯುವುದಿಲ್ಲ. ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ತಾರೀಖು, ವೇಳೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಆನ್‌ಲೈನ್ ಬಾರದವರು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ, ಪಿನ್ 160017, ಸೀಲು ಬಿದ್ದ ಪ್ರತಿಯ ಝೆರಾಕ್ಸ್ ಲಗತ್ತಿಸಿ ಅಂಚೆಯಲ್ಲಿ ಕಳಿಸಬಹುದು. ದೂರು ಕನ್ನಡದಲ್ಲಿದ್ದರೂ ಅಲ್ಲಿ ತೆಗೆದುಕೊಳ್ಳುತ್ತಾರೆ.