ಪ್ಯಾಟರ್ಸನ್‌ನಲ್ಲಿ ಮುಳುಗಿ ಹಾರ್ಟ್‌ಫರ್ಡ್‌ನಲ್ಲಿ ಎದ್ದ ರಿವಾಲ್ವರ್

ನ್ಯೂಜೆರ್ಸಿಯ ಪ್ಯಾಟರ್ಸನ್‌ಗೆ ಬರುವವರು ಪಸೇಯಿಕ್ ನದಿಯ ಜಲಪಾತ ನೋಡಿ, ಫೋಟೊ ತೆಗೆದು ಹೊರಟುಬಿಡುತ್ತಾರೆ. 77 ಅಡಿ ಎತ್ತರದಿಂದ ಬೀಳುವ ನೀರು, ಚೆನ್ನಾಗಿಯೇ ಇದೆ. ನಾನು ಬಂದಿದ್ದು ಮಾತ್ರ ಅದರ ಹತ್ತಿರದ ಹಾಳು ಗೋಡೆಗಳನ್ನು ನೋಡಲು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ರಿವಾಲ್ವರ್ ಕಾರ್ಖಾನೆ ತೆರೆದಿದ್ದು ಇಲ್ಲೇ. ಆಗ ಅವನಿನ್ನೂ ಇಪ್ಪತ್ತೊಂದರ ಹುಡುಗ. ಹದಿಹರೆಯದಲ್ಲಿ ಕಲ್ಕತ್ತಾಗೆ ಹೊರಟ ಹಡಗಿನಲ್ಲಿ ಕೂತು ಮರದಲ್ಲಿ ಮಾದರಿ ಕೆತ್ತಿದ್ದನಂತೆ. ಕಥೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು!

ಊರಿನ ಮ್ಯೂಸಿಯಂ ಇರುವುದು ರೈಲ್ ಎಂಜಿನ್ ಕಟ್ಟುತ್ತಿದ್ದ ಹಳೇ ಕಟ್ಟಡದಲ್ಲಿ. ಪ್ಯಾಟರ್ಸನ್‌ ಪಿಸ್ತೂಲು ಐದು ಗುಂಡಿನದು. ಹಿಂಬದಿಯ ಹ್ಯಾಮರ್ ಎಳೆದರೆ ಮಾತ್ರ ಟ್ರಿಗರ್ ಹೊರಗೆ ಬರುತ್ತದೆ. ನೋಡೋಕೆ ಸೊಗಸು. ಆದರೆ ಮೊದಮೊದಲ ಪಿಸ್ತೂಲುಗಳಲ್ಲಿ ಮತ್ತೆ ಗುಂಡು ತುಂಬಲು ನಳಿಗೆಯನ್ನೇ ಬಿಚ್ಚಬೇಕಿತ್ತು. ಯುದ್ಧದ ನಡುವೆ ಯಾರಿಗೆ ಪುರುಸೊತ್ತು? ಸೇನೆ ದೊಡ್ಡ ಆರ್ಡರ್ ಕೊಡಲಿಲ್ಲ. 1842ರಲ್ಲಿ ಕಂಪನಿ ಮುಚ್ಚಿತು.

ಅಲ್ಲಿಂದ ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್ ಹಾದು ಹಾರ್ಟ್‌ಫರ್ಡ್ ಕಡೆ ಹೊರಟೆ. ಈ ದಾರಿಗೂ ಒಂದು ನಂಟಿದೆ. ಮೆಕ್ಸಿಕೋ ಯುದ್ಧದಲ್ಲಿ ಟೆಕ್ಸಾಸ್‌ನ ಕ್ಯಾಪ್ಟನ್ ವಾಕರ್‌ಗೆ ಆರು ಗುಂಡಿನ, ಗಟ್ಟಿ ಪಿಸ್ತೂಲು ಬೇಕಾಯಿತು. ಸರ್ಕಾರ 1000 ಕೇಳಿತು. ಕೋಲ್ಟ್ ಹತ್ತಿರ ಕಾರ್ಖಾನೆಯೇ ಇಲ್ಲ! ನ್ಯೂಹೇವನ್ ಪಕ್ಕದ ವಿಟ್ನಿವಿಲ್‌ನಲ್ಲಿ ಕಿರಿಯ ಇಲೈ ವಿಟ್ನಿ 1847ರಲ್ಲಿ ಮಾಡಿಕೊಟ್ಟ. ಒಂದೊಂದೂ ಸುಮಾರು 2 ಕೆಜಿ. ಸೊಂಟಕ್ಕಿಂತ ಕುದುರೆಯ ಜೀನಿಗೇ ವಾಸಿ.

ಹಾರ್ಟ್‌ಫರ್ಡ್‌ನಲ್ಲಿ ಹೆದ್ದಾರಿಯಿಂದಲೇ ಕೋಲ್ಟ್ ಕಾರ್ಖಾನೆಯ ನೀಲಿ ಗುಮ್ಮಟ ಕಾಣುತ್ತದೆ, ಮೈತುಂಬ ಚಿನ್ನದ ನಕ್ಷತ್ರ. ನದಿ ಉಕ್ಕದಂತೆ ಏರಿ ಹಾಕಿ ಕೋಲ್ಟ್ 1855ರಲ್ಲಿ ಇಲ್ಲಿ ಕಾರ್ಖಾನೆ ಕಟ್ಟಿದ. ಏರಿಯ ಮಣ್ಣು ಕೊಚ್ಚಿಹೋಗದಿರಲೆಂದು ವಿಲ್ಲೋ ಗಿಡ ನೆಟ್ಟ. ಆಮೇಲೆ ಜರ್ಮನಿಯಿಂದ ಕೆಲಸಗಾರರನ್ನು ಕರೆಸಿ ಅದೇ ವಿಲ್ಲೋ ಕಡ್ಡಿಯಲ್ಲಿ ಕುರ್ಚಿ ಹೆಣೆಸಿದ. ಏನನ್ನೂ ಸುಮ್ನೆ ಬಿಡುವ ಆಸಾಮಿ ಅಲ್ಲ.

ನನಗೆ ಕೋಲ್ಟ್‌ಗಿಂತ ಎಲೈಷಾ ರೂಟ್ ಮುಖ್ಯ ಅನಿಸುತ್ತಾನೆ. ಬಿಡಿಭಾಗಗಳನ್ನು ಒಂದೇ ಅಳತೆಯಲ್ಲಿ ಯಂತ್ರದಿಂದ ತೆಗೆಯುವ ವ್ಯವಸ್ಥೆಯನ್ನು ಕೂಡಿಸಿದವನು ಈ ಮೇಲ್ವಿಚಾರಕ. ಪ್ಯಾಟರ್ಸನ್‌ನಲ್ಲಿ ಇರದಿದ್ದುದು ಇಂಥವನೇ, ಅಲ್ವಾ?

ಕೋಲ್ಟ್ 1862ರಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಅದನ್ನು ಮತ್ತೆ ಕಟ್ಟಿಸಿದ್ದು ಹೆಂಡತಿ ಎಲಿಜಬೆತ್. ತೀರಿಕೊಂಡ ಗಂಡ, ಮಕ್ಕಳ ನೆನಪಿಗೆ ಆಕೆ ಹತ್ತಿರದಲ್ಲೇ ಚರ್ಚನ್ನೂ ಕಟ್ಟಿಸಿದರು. ಕೆಲಸಗಾರರು ಬರುವ ಬಾಗಿಲಿನ ಕಲ್ಲಿನಲ್ಲಿ ಶಿಲುಬೆಗಳಿವೆ. ಸುತ್ತ ಹೂಬಳ್ಳಿ ಅಂದುಕೊಂಡು ಹತ್ತಿರ ಹೋದರೆ ಪಿಸ್ತೂಲಿನ ಹಿಡಿ, ನಳಿಗೆ, ಗುಂಡಿನ ಸಿಲಿಂಡರ್!