ಮರಳುಗಾಡಿನಲ್ಲಿ ಕಂಡ ಅರುಂಧತಿ

ಉಜ್ಬೇಕಿಸ್ತಾನದ ಸಮರ್‌ಖಂಡಕ್ಕೆ ಹೋಗುವವರು ಸಾಮಾನ್ಯವಾಗಿ ನೀಲಿ ಗುಮ್ಮಟಗಳಿಗೆ ಮನಸೋತು ಹೋಗುತ್ತಾರೆ. ನನ್ನನ್ನು ಎಳೆದದ್ದು ಊರಂಚಿನ ಒಂದು ಗುಡ್ಡ. ಹದಿನೈದನೆಯ ಶತಮಾನದಲ್ಲಿ ಉಲೂಗ್ ಬೇಗ್ ಎಂಬ ದೊರೆ ತನ್ನ ವೀಕ್ಷಣಾಲಯವನ್ನು ಕಟ್ಟಿಸಿದ್ದು ಅಲ್ಲಿ.

ಆಕಾಶಕಾಯಗಳ ಎತ್ತರ ಅಳೆಯಲು ಅಲ್ಲಿ ಕಟ್ಟಿದ್ದ ದೊಡ್ಡ ಕಮಾನಿನಲ್ಲಿ ಈಗ ಉಳಿದಿರುವುದು ನೆಲದಡಿಯ ಭಾಗ ಮಾತ್ರ. ಬಂಡೆಯನ್ನು ಕೊರೆದು ಮಾಡಿದ ಕಂದಕದಲ್ಲಿ ಎರಡು ಸಮಾನಾಂತರ ಕಟ್ಟೆಗಳು ಬಾಗುತ್ತ ಕತ್ತಲೊಳಗೆ ಇಳಿಯುತ್ತವೆ. ತ್ರಿಜ್ಯ ಸುಮಾರು 40 ಮೀಟರ್. ಅಂಚಿನ ಕಲ್ಲಿನಲ್ಲಿ ಕೋನದ ಅಂಶಗಳ (ಡಿಗ್ರಿಗಳ) ಗುರುತುಗಳನ್ನು ಕೊರೆದಿದ್ದಾರೆ. ಇಷ್ಟೇ ಸಲಕರಣೆಗಳ ಕಾಲದಲ್ಲಿ ಅವನ ತಂಡ ಲೆಕ್ಕ ಹಾಕಿದ ನಾಕ್ಷತ್ರಿಕ ವರ್ಷ (ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯ ಒಂದು ಸುತ್ತು ಮುಗಿಸುವ ಕಾಲ) ಇಂದಿನ ಲೆಕ್ಕಕ್ಕಿಂತ ಒಂದು ನಿಮಿಷದಷ್ಟೂ ಹೆಚ್ಚಿಲ್ಲ! 1437ರ ಅವರ ಪಟ್ಟಿಯಲ್ಲಿ 1018 ನಕ್ಷತ್ರಗಳಿವೆ. 1449ರಲ್ಲಿ ಮಗನೇ ದೊರೆಯನ್ನು ಕೊಲ್ಲಿಸಿದ, ವೀಕ್ಷಣಾಲಯ ನೆಲಸಮವಾಯಿತು. ಪಟ್ಟಿ ಮಾತ್ರ ಉಳಿದು, 1665ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅಚ್ಚಾಯಿತು. ಕಂದಕವನ್ನು 1908ರಲ್ಲಿ ಅಗೆದು ತೆಗೆದ ಪುರಾತತ್ವಜ್ಞ ವ್ಯಾಟ್ಕಿನ್‌ರ ಸಮಾಧಿಯೂ ಆ ಗುಡ್ಡದಲ್ಲೇ ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ಅರಬ್ ಖಗೋಳಜ್ಞರಿಂದ ಜಗತ್ತಿಗೆ ಹಬ್ಬಿದ ನಕ್ಷತ್ರಗಳ ಹೆಸರುಗಳಲ್ಲಿ ಹಲವು ಬರೀ ವಿಳಾಸಗಳು, ತಾರಾಪುಂಜದ ಆಕೃತಿಯ ಯಾವ ಭಾಗದಲ್ಲಿ ಆ ನಕ್ಷತ್ರವಿದೆ ಎಂದಷ್ಟೇ ಹೇಳುವಂಥವು. ರೈಜೆಲ್ ಎಂದರೆ ಪಾದ, ಡೆನೆಬ್ ಎಂದರೆ ಬಾಲ, ಫೋಮಲ್‌ಹಾಟ್ ಎಂದರೆ ಮೀನಿನ ಬಾಯಿ. ಪಂಡಿತರಿಗೆ ಇವು ಸಾಕು. ಆದರೆ ಆಕಾಶದ ಕೆಳಗೇ ಬದುಕುವವರು ಇಟ್ಟ ಹೆಸರುಗಳು ಬೇರೆಯೇ ಬಗೆಯವು. ಅವನ್ನು ಹುಡುಕಿಕೊಂಡು ಕಿಜಿಲ್‌ಕುಮ್ ಮರುಭೂಮಿಯತ್ತ ಹೊರಟೆ.

ಐದಾರ್‌ಕುಲ್ ಸರೋವರದ ಸುತ್ತ ಪ್ರವಾಸಿಗರಿಗಾಗಿ ಉಣ್ಣೆಯ ಗುಡಾರಗಳ ಶಿಬಿರಗಳಿವೆ. ನಮ್ಮ ಶಿಬಿರವನ್ನು ನೋಡಿಕೊಳ್ಳುತ್ತಿದ್ದವರು ಕಜಾಖ್ ಕುರಿಗಾಹಿಗಳ ಮನೆತನದ ಒಬ್ಬ ಹಿರಿಯರು. ಅಕ್ಟೋಬರ್ ತಿಂಗಳು, ಚಂದ್ರನಿಲ್ಲದ ರಾತ್ರಿ. ಕತ್ತಲಾಗಿ ಸ್ವಲ್ಪ ಹೊತ್ತಿಗೆ ಪೂರ್ವದಲ್ಲಿ ಕೃತ್ತಿಕೆ ಮೇಲೆ ಬಂದಿತ್ತು. ಅದರ ಕೆಳಗೆ, ನೆಲವನ್ನು ಇನ್ನೂ ಬಿಡದೆ, ಕೆಂಪಗೆ ಮಿನುಗುತ್ತಿತ್ತು ರೋಹಿಣಿ. ಅರಬರು ಅದನ್ನು ಅಲ್ದೆಬರಾನ್, ಹಿಂಬಾಲಿಸುವವನು, ಎಂದು ಕರೆದರು. ಕೃತ್ತಿಕೆ ಹುಟ್ಟಿದ ಮೇಲೆ ಇಷ್ಟು ಹೊತ್ತು ಕಾದು ನೋಡಿದವರಿಗೆ ಆ ಹೆಸರನ್ನು ಯಾರೂ ವಿವರಿಸಬೇಕಾಗಿಲ್ಲ.

ಹಿರಿಯರು ಕೃತ್ತಿಕೆಯನ್ನು ತೋರಿಸಿ 'ಉರ್ಕೆರ್' ಎಂದರು. ಆಮೇಲೆ ವಾಯವ್ಯಕ್ಕೆ ತಿರುಗಿ, ದಿಗಂತದತ್ತ ಇಳಿಯುತ್ತಿದ್ದ ನಮ್ಮ ಸಪ್ತರ್ಷಿಗಳತ್ತ ಕೈ ಚಾಚಿ 'ಜೆಟಿ ಕರಾಕ್ಷಿ' ಎಂದರು. ಏಳು ದರೋಡೆಕೋರರು! ಕಾರಿನ ಚಾಲಕ ಅನುವಾದಿಸುತ್ತ ಹೋದ. ಧ್ರುವ ನಕ್ಷತ್ರ ಅವರಿಗೆ 'ತೆಮಿರ್‌ಕಜಿಕ್', ಕಬ್ಬಿಣದ ಗೂಟ. ಅದಕ್ಕೆ ಎರಡು ಕುದುರೆಗಳನ್ನು ಕಟ್ಟಿದೆ. ಅವನ್ನು ಕದಿಯಲು ಏಳು ಜನ ರಾತ್ರಿಯೆಲ್ಲ ಸುತ್ತು ಹಾಕುತ್ತಾರೆ, ಎಂದೂ ಹತ್ತಿರ ಹೋಗಲಾರರು.

ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಮೈ ಜುಮ್ಮೆನಿಸಿತು. ಆ ದರೋಡೆಕೋರರು ಉರ್ಕೆರ್‌ನ ಮಗಳನ್ನು ಕದ್ದೊಯ್ದರಂತೆ. ಮಗಳು ಯಾರು ಎಂದು ಕೇಳಿದೆ. ಏಳರಲ್ಲಿ ಬಾಲದ ತುದಿಯಿಂದ ಎರಡನೆಯದರ ಮಗ್ಗುಲಿಗೆ ಅಂಟಿಕೊಂಡ ಸಣ್ಣ ಚುಕ್ಕಿಯನ್ನು ತೋರಿಸಿದರು. ಅದು ನಮ್ಮ ಅರುಂಧತಿ. ಪಕ್ಕದಲ್ಲಿರುವವನು ವಸಿಷ್ಠ. ನಮ್ಮ ಪುರಾಣದಲ್ಲಿ ಆರು ಮಂದಿ ಋಷಿಪತ್ನಿಯರು ಗಂಡಂದಿರಿಂದ ದೂರವಾಗಿ ಕೃತ್ತಿಕೆಯರಾದರು, ಅರುಂಧತಿ ಒಬ್ಬಳೇ ಗಂಡನ ಬಳಿ ಉಳಿದಳು. ಆಕಾಶದ ಎರಡು ದೂರದ ಗುಂಪುಗಳು, ನಡುವೆ ಒಂದು ಸಣ್ಣ ಚುಕ್ಕಿ: ಇಲ್ಲಿಯೂ ಅದೇ ಜೋಡಣೆ! ಕಥೆ ಯಾರಿಂದ ಯಾರಿಗೆ ಹೋಯಿತು ಎಂದು ನಾನು ತೀರ್ಪು ಕೊಡಲಾರೆ. ಆದರೆ ಕೃತ್ತಿಕೆಯಿಂದ ಒಂದು ಹೆಣ್ಣು ಬೇರೆಯಾಗಿ ಆ ಏಳು ಜನರ ನಡುವೆ ಇದ್ದಾಳೆಂದು ಎರಡೂ ಕಡೆಯವರಿಗೆ ಅನ್ನಿಸಿದೆ. ಆ ಕಂದಕದ ಎದುರು ನಿಂತಾಗಲೂ ನನಗೆ ಇಷ್ಟು ಬೆರಗಾಗಿರಲಿಲ್ಲ.

ಬೆಳಗಿನ ಜಾವ ಗುಡಾರದಿಂದ ಹೊರಬಂದಾಗ ಏಳೂ ಜನ ಸುತ್ತು ಹಾಕಿ ಈಶಾನ್ಯದಲ್ಲಿ ಮೇಲೇರುತ್ತಿದ್ದರು. ಒಲೆ ಹೊತ್ತಿಸುತ್ತಿದ್ದ ಹಿರಿಯರಿಗೆ ಅವರು ಋಷಿಗಳೆಂದು ಹೇಳಿದೆ. ಕುದುರೆ ಕದಿಯದವರಿಗೆ ರಾತ್ರಿಯೆಲ್ಲ ಸುತ್ತುವ ಕೆಲಸವೇನು ಎಂದು ಅವರು ಗಂಭೀರವಾಗಿಯೇ ಕೇಳಿದರು. ತಂದೆಯ ತೊಡೆಯಿಂದ ಮಲತಾಯಿ ದೂಡಿದ ಬಾಲಕನ ಕಥೆಯನ್ನು, ಯಾರೂ ಕದಲಿಸಲಾಗದ ಜಾಗ ಬೇಕೆಂದು ಅವನು ತಪಸ್ಸು ಮಾಡಿದ್ದನ್ನು ಹೇಳಿದೆ. ಚಾಲಕ ಪೂರ್ತಿ ಅನುವಾದಿಸುವ ತನಕ ಅವರು ಕೆಂಡ ಕೆದಕುತ್ತ ಕೇಳಿಸಿಕೊಂಡರು. ಯಾರೂ ಕದಲಿಸಲಾಗದ್ದು ಎಂದರೆ ಗೂಟವೇ ತಾನೆ, ಎಂದರು.