ಹದಿನೆಂಟೆರಡ್ಲೆ ಮೂವತ್ತಾರು

ನಿನ್ನೆ ಸಂಜೆ ಚಪಾತಿ ಲಟ್ಟಿಸ್ತಿದ್ದಾಗ ಮಗಳು ಲೆಕ್ಕದ ಪುಸ್ತಕ ಹಿಡ್ಕೊಂಡು ಬಂದಳು. 5/12ಕ್ಕೆ 7/18 ಕೂಡಿಸಬೇಕು. ಎರಡೂ ಛೇದಗಳನ್ನು ಗುಣಿಸಿ 216 ಮಾಡ್ಕೊಂಡಿದ್ದಳು, ಉತ್ತರ 174/216. ತಪ್ಪೇನಲ್ಲ. ಆದರೆ ಅದನ್ನು ಸಂಕ್ಷೇಪಿಸೋಕೆ ಹೋಗಿ, ಅಳಿಸಿ ಅಳಿಸಿ ಹಾಳೆ ತೂತಾಗೋದೊಂದು ಬಾಕಿ. ಕಣ್ಣಲ್ಲಿ ನೀರು.

"18ರ ಮಗ್ಗಿ ಹೇಳು ಪುಟ್ಟಿ, 12ರಿಂದ ಭಾಗ ಹೋಗೋ ಸಂಖ್ಯೆ ಬಂದ ತಕ್ಷಣ ನಿಲ್ಲು" ಅಂದೆ.

ಹದಿನೆಂಟೊಂದ್ಲೆ ಹದಿನೆಂಟು, ಹದಿನೆಂಟೆರಡ್ಲೆ ಮೂವತ್ತಾರು... ನಿಂತಳು. "ಅಮ್ಮಾ, ಇಷ್ಟೇನಾ?" 15/36, 14/36, ಒಟ್ಟು 29/36.

ನಾವು ಶಾಲೆಯಲ್ಲಿ ಲ.ಸಾ.ಅ. (ಎರಡೂ ಸಂಖ್ಯೆಗಳಿಂದ ಭಾಗ ಹೋಗೋ ಅತಿ ಚಿಕ್ಕ ಸಂಖ್ಯೆ) ಅಂತ ಬಾಯಿಪಾಠ ಮಾಡಿದ್ದೇ ಬಂತು. ಪಾಲಿನ ಅಳತೆ ಒಂದೇ ಆಗದೆ ಪಾಲುಗಳನ್ನು ಕೂಡಿಸೋಕಾಗಲ್ಲ ಅನ್ನೋದನ್ನ ಯಾರೂ ಬಿಡಿಸಿ ಹೇಳಿರಲಿಲ್ಲ. 9ನೇ ಶತಮಾನದಲ್ಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಈ ಲ.ಸಾ.ಅ.ಗೆ 'ನಿರುದ್ಧ' ಅಂತ ಹೆಸರಿಟ್ಟು ಭಿನ್ನರಾಶಿ ಕೂಡಿಸೋ ಕ್ರಮ ಹೇಳಿದ್ದರು. ನಮ್ಮದೇ ನೆಲದ ಈ ಮಾತು ನನಗೆ ಗೊತ್ತಾಗಿದ್ದು ತೀರಾ ತಡವಾಗಿ. ಅವಳಿಗೆ ನಿನ್ನೆಯೇ ಹೇಳಿದೆ.

ಆಮೇಲೆ ನಾಲ್ಕು ಲೆಕ್ಕ ತಾನೇ ಮಾಡಿದಳು, ಹಿಟ್ಟು ಮೆತ್ತಿದ ಬೆರಳಲ್ಲೇ.